ಎರಡು ಗಂಟುಗಳ ಮಳೆಗಾಲ

ಹೋದ ತಿಂಗಳು ಪರಿಚಯದವರೊಬ್ಬರ ಮನೆಗೆ ಹೋಗಲೆಂದು ಬೊಮ್ಮನಹಳ್ಳಿಯಲ್ಲಿ ಮೆಟ್ರೋ ಇಳಿದೆ. ಮೆಟ್ಟಿಲಿಳಿದು ಸರ್ವಿಸ್ ರಸ್ತೆಯಲ್ಲಿ ಹತ್ತು ಹೆಜ್ಜೆ ನಡೆದಿರಲಿಕ್ಕಿಲ್ಲ, ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರ ಕಿಟಕಿಗಳಿಂದ ಆ ವಾಸನೆ ಬಂತು. ಹೊಸ ಬಟ್ಟೆಯ ಮೇಲೆ ಹಬೆಯ ಇಸ್ತ್ರಿ ಹಾಯ್ದಾಗ ಏಳುವ, ಬಿಸಿ ಹತ್ತಿಯ ವಾಸನೆ. ಮಳೆಯ ತೇವವೂ ಅದರಲ್ಲಿ ಬೆರೆತಿತ್ತು. ಹಿಂದಿನಿಂದ ಯಾರೋ "ಅಕ್ಕ, ಸ್ವಲ್ಪ ದಾರಿ ಬಿಡಿ" ಅಂದಾಗಲೇ ನಾನು ನಡುರಸ್ತೆಯಲ್ಲಿ ನಿಂತುಬಿಟ್ಟಿದ್ದೇನೆಂದು ಗೊತ್ತಾದದ್ದು. ಎಡಗೈ ತಾನಾಗಿ ಎದೆಯ ಬಳಿ ಸೆರಗನ್ನು ಹಿಡಿದುಕೊಂಡಿತ್ತು.

ನೆನಪಾದದ್ದು ಮೆಟ್ರೋ ಕಂಬಗಳು ಎದ್ದಿದ್ದು, ಮೇಲೆ ರೈಲು ಇನ್ನೂ ಓಡದಿದ್ದ ಕಾಲ. ಆಗ ಇದೇ ರಸ್ತೆಯ ಹಿಂದಿನ ಓಣಿಯಲ್ಲಿ ನಾನೊಂದು ಆಯುರ್ವೇದ ಕ್ಲಿನಿಕ್ ನಡೆಸುತ್ತಿದ್ದೆ. ಎರಡು ಸಣ್ಣ ಕೋಣೆ, ಬಾಗಿಲ ಮೇಲೆ 'ಡಾ. ಶೈಲಜಾ' ಎಂಬ ಹಸಿರು ಬೋರ್ಡು. ನಾನು ದಾವಣಗೆರೆಯವಳು. ಗಂಡ ಗಿರೀಶ್‌ಗೆ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಕೆಲಸ, ಮನೆಯೂ ಅಲ್ಲೇ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ. ಮಗಳು ಅನನ್ಯಾ ಮೂರನೇ ಕ್ಲಾಸು. ಕ್ಲಿನಿಕ್ಕಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಗಾರ್ಮೆಂಟ್ಸ್ ಹೆಂಗಸರು. ದಿನವಿಡೀ ಮಷಿನ್ ಮುಂದೆ ಬಾಗಿ ಸೊಂಟ ಹಿಡಿದವರು, ಟಾಯ್ಲೆಟ್ಟಿಗೆ ಏಳಬೇಕಾಗುತ್ತದೆಂದು ನೀರೇ ಕುಡಿಯದೆ ಉರಿಮೂತ್ರ ತಂದುಕೊಂಡವರು. ಸಂಜೆ ಶಿಫ್ಟು ಬಿಟ್ಟ ಕೂಡಲೇ ಗುಂಪಾಗಿ ಬರುತ್ತಿದ್ದರು. ಅವರ ಬಟ್ಟೆಯಲ್ಲೂ ಅದೇ ಇಸ್ತ್ರಿಯ ವಾಸನೆ.

ಅವರಿಗೆ ನಾನು ಒಂದು ಪಾಠ ತಪ್ಪದೆ ಹೇಳುತ್ತಿದ್ದೆ. ಮುಟ್ಟಿನ ದಿನಗಳು ಮುಗಿದ ಎರಡು ಮೂರು ದಿನಕ್ಕೆ ಸ್ನಾನ ಮಾಡುವಾಗ ಎದೆಯನ್ನು ನೀವೇ ಮುಟ್ಟಿ ನೋಡಿಕೊಳ್ಳಿ. ಚಿವುಟಬೇಡಿ, ಮೂರು ಬೆರಳನ್ನು ಚಪ್ಪಟೆಯಾಗಿಟ್ಟು ಸುತ್ತಲೂ ಒತ್ತಿ ನೋಡಿ. ಗಂಟು ಸಿಕ್ಕರೆ ಹೆದರಬೇಡಿ, ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಆದರೆ ಅಲ್ಲ ಅಂತ ಹೇಳಬೇಕಾದ್ದು ಸ್ಕ್ಯಾನು, ನಿಮ್ಮ ಮನಸ್ಸಲ್ಲ. ಈ ಪಾಠಕ್ಕೆ ಕಾರಣ ನನ್ನ ದೊಡ್ಡಮ್ಮ. ಆಕೆ ಎದೆಯ ಗಂಟನ್ನು ಎರಡು ವರ್ಷ ಸೆರಗಿನಡಿ ಮುಚ್ಚಿಟ್ಟುಕೊಂಡು, ಯಾರೋ ಹೇಳಿದ ಸೊಪ್ಪನ್ನು ಅರೆದು ಕಟ್ಟಿಕೊಳ್ಳುತ್ತಿದ್ದಳು. ಚರ್ಮ ಒಡೆದ ಮೇಲೆ ಮನೆಯವರಿಗೆ ತಿಳಿಯಿತು. ನಾನಾಗ ಪಿಯುಸಿ. ಆಕೆಯ ಕೋಣೆಗೆ ಹೋಗಲು ಮೂಗು ಮುಚ್ಚಿಕೊಳ್ಳಬೇಕಾಗಿ ಬಂದದ್ದು, ಮುಚ್ಚಿಕೊಂಡದ್ದನ್ನು ಆಕೆ ನೋಡಿದ್ದು, ಎರಡೂ ನನಗೆ ನೆನಪಿವೆ.

ಆ ವರ್ಷ ಆಷಾಢದ ಒಂದು ಶುಕ್ರವಾರ ಬೆಳಿಗ್ಗೆ, ಸ್ನಾನ ಮಾಡುವಾಗ, ನನ್ನ ಎಡ ಎದೆಯ ಹೊರಬದಿಯಲ್ಲಿ, ಕಂಕುಳಿಗೆ ಸ್ವಲ್ಪ ಕೆಳಗೆ, ಬೆರಳಿಗೆ ಗಂಟು ಸಿಕ್ಕಿತು. ದೊಡ್ಡ ಹುಣಸೆಬೀಜದಷ್ಟು. ಗಟ್ಟಿ. ನಲ್ಲಿ ನಿಲ್ಲಿಸಿ ಮತ್ತೆ ನೋಡಿದೆ. ಬಲಗಡೆ ಅದೇ ಜಾಗವನ್ನು ನೋಡಿದೆ, ಇರಲಿಲ್ಲ. ಹೊರಗೆ ಅನನ್ಯಾ "ಅಮ್ಮಾ, ನನ್ ಬೆಲ್ಟ್ ಎಲ್ಲಿ?" ಎಂದು ಕೂಗುತ್ತಿದ್ದಳು. "ಬಂದೆ" ಎಂದೆ. ಹೋಗಿ ಬೆಲ್ಟು ಹುಡುಕಿಕೊಟ್ಟೆ, ಡಬ್ಬಿ ಕಟ್ಟಿದೆ, ಗಿರೀಶ್‌ಗೆ ಕೊಡೆ ಮರೆಯಬೇಡಿ ಅಂದೆ. ಬಾಗಿಲು ಹಾಕಿಕೊಂಡ ಮೇಲೆ ಮತ್ತೆ ಮುಟ್ಟಿ ನೋಡಿದೆ.

ಓದಿದವಳಿಗೆ ಇರುವ ಕಷ್ಟವೇ ಬೇರೆ. ಸಾಧಾರಣ ಗಂಟು ಬೆರಳಿನಡಿ ಜಾರಿ ಆಟವಾಡುತ್ತದೆ ಎಂದು ನನಗೆ ಗೊತ್ತಿತ್ತು. ನನ್ನದು ಅಷ್ಟಾಗಿ ಜಾರುತ್ತಿರಲಿಲ್ಲ. ನನಗೆ ಮೂವತ್ತಾರು ವರ್ಷ. ಅವತ್ತೇ ಸ್ಕ್ಯಾನಿಂಗಿಗೆ ಹೋಗಬೇಕಿತ್ತು. ಹೋಗಲಿಲ್ಲ. ಸೋಮವಾರ ಹೋಗೋಣ ಅಂದುಕೊಂಡೆ. ಸೋಮವಾರ ಅನನ್ಯಾಳಿಗೆ ಜ್ವರ. ಮುಂದಿನ ವಾರ ಮುಟ್ಟಿನ ದಿನ ಹತ್ತಿರ, ಆಗ ಎದೆ ಗಂಟುಗಂಟಾಗಿರುವುದು ಸಹಜ, ಮುಗಿಯಲಿ ಅಂದುಕೊಂಡೆ. ಮುಗಿಯಿತು, ಗಂಟು ಅಲ್ಲೇ ಇತ್ತು. ಅಷ್ಟರಲ್ಲಿ ಕ್ಲಿನಿಕ್ಕಿನ ಕಪಾಟಿನಿಂದ ಕಾಂಚನಾರ ಗುಗ್ಗುಳು ಮಾತ್ರೆ ತೆಗೆದು ಬೆಳಿಗ್ಗೆ ಸಂಜೆ ನುಂಗಲು ಶುರು ಮಾಡಿದ್ದೆ. ಗಂಟುಗಳಿಗೆಂದು ನಮ್ಮಲ್ಲಿ ಹಿಂದಿನಿಂದ ಕೊಡುತ್ತ ಬಂದ ಔಷಧಿ. ನಾನು ಅದನ್ನು ನುಂಗಿದ್ದು ಮಾತ್ರ ಗಂಟಿಗಲ್ಲ, 'ಏನೋ ಮಾಡುತ್ತಿದ್ದೇನೆ' ಎಂದು ನನಗೆ ನಾನೇ ಹೇಳಿಕೊಳ್ಳುವುದಕ್ಕೆ. ದಿನಾ ಮುಟ್ಟಿ ನೋಡುತ್ತಿದ್ದೆ. ಒಂದು ದಿನ ಸಣ್ಣದಾದಂತೆ ಅನಿಸಿ ಅಡುಗೆಮನೆಯಲ್ಲಿ ಹಾಡು ಗುನುಗುತ್ತಿದ್ದೆ. ಮಾರನೆಯ ದಿನ ದೊಡ್ಡದಾದಂತೆ ಅನಿಸಿ ಮಗಳ ಮೇಲೆ ರೇಗುತ್ತಿದ್ದೆ.

ಹೀಗೆ ಮೂರು ವಾರ ಕಳೆದ ಮೇಲೆ ರೇಣುಕಾ ಬಂದಳು.

ಇಪ್ಪತ್ತನಾಲ್ಕು ವರ್ಷದ ಹುಡುಗಿ, ಕುಷ್ಟಗಿ ಕಡೆಯವಳು. ಅಂಗಿಗೆ ಕಾಲರ್ ಹೊಲಿಯುವ ಕೆಲಸ. ಬೊಮ್ಮನಹಳ್ಳಿಯ ಒಂದು ವಠಾರದಲ್ಲಿ, ಫ್ಯಾಕ್ಟರಿಯಲ್ಲಿ ತನ್ನ ಹೊಲಿಗೆ ಲೈನಿನಲ್ಲೇ ಕೆಲಸ ಮಾಡುವ ಕನಕಪುರದ ಕಡೆಯ ಮಂಜುಳಾ ಜೊತೆ ಬಾಡಿಗೆ ರೂಮಿನಲ್ಲಿದ್ದಳು. ಎಲ್ಲರೂ ಹೋಗುವವರೆಗೆ ಕಾದು ಕೊನೆಗೆ ಒಳಗೆ ಬಂದು, ಬಾಗಿಲು ಮುಂದೆ ಮಾಡಿ, ನಿಂತೇ ಹೇಳಿದಳು.

"ಮೇಡಂ, ಎದಿಯಾಗ ಗಂಟು ಐತ್ರಿ. ಯಾರಿಗೂ ಹೇಳಬ್ಯಾಡ್ರಿ. ದೀಪಾವಳಿ ಆದಮ್ಯಾಲ ನನ್ನ ಲಗ್ನ ಐತಿ."

ಮಲಗಿಸಿ ನೋಡಿದೆ. ಬಲ ಎದೆಯ ಕೆಳಭಾಗದಲ್ಲಿ ನೆಲ್ಲಿಕಾಯಿಯಷ್ಟಿನ ಗಂಟು. ನುಣುಪಾಗಿತ್ತು. ಬೆರಳಿಟ್ಟ ಕೂಡಲೇ ಪಕ್ಕಕ್ಕೆ ಜಾರಿತು, ಹಿಡಿಯಲು ಹೋದರೆ ಇನ್ನೊಂದು ಕಡೆ ಓಡಿತು. ಚರ್ಮ ಎಳೆದಿರಲಿಲ್ಲ, ತೊಟ್ಟಿನಿಂದ ಏನೂ ಒಸರುತ್ತಿರಲಿಲ್ಲ, ಕಂಕುಳಲ್ಲಿ ಏನೂ ಇರಲಿಲ್ಲ. ಆ ಕ್ಷಣ ನನ್ನ ಮನಸ್ಸಿನಲ್ಲಿ ಹಾದದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಅವಳ ಗಂಟು ಜಾರುತ್ತಿತ್ತು.

"ಸಾಧಾರಣ ಗಂಟಿನ ಥರಾನೇ ಇದೆ ರೇಣುಕಾ. ಆದ್ರೂ ಸ್ಕ್ಯಾನ್ ಮಾಡಿಸ್ಬೇಕು. ಬೇಕಾದ್ರೆ ಸೂಜಿ ಟೆಸ್ಟೂ ಮಾಡ್ತಾರೆ."

"ಅದೆಲ್ಲ ಬ್ಯಾಡ್ರಿ. ನೀವು ಪುಡಿ ಕೊಡ್ರಿ, ಲೇಪ ಕೊಡ್ರಿ. ಕರಗಸ್ರಿ. ಅದಕ್ಕ ನಾ ಆಯುರ್ವೇದದಾಕಿ ಕಡೆ ಬಂದೀನಿ."

"ಏನು ಅಂತ ಗೊತ್ತಾಗದೆ ಏನನ್ನ ಕರಗಿಸ್ಲಿ? ಗೊತ್ತಾದ್ಮೇಲೆ ನನ್ನ ಕೈಲಿ ಆಗೋದನ್ನ ಮಾಡ್ತೀನಿ. ಅದಕ್ಕೆ ಮುಂಚೆ ಎಣ್ಣೆ ಹಚ್ಚಿ ತಿಕ್ಕೋದು, ಸೊಪ್ಪು ಕಟ್ಟೋದು, ಯಾವ್ದೂ ಬೇಡ."

ದೊಡ್ಡಮ್ಮನ ಕತೆ ಹೇಳಿದೆ. ಎರಡು ವರ್ಷ ಬಚ್ಚಿಟ್ಟದ್ದು, ಕೊನೆಗೆ ಆದದ್ದು. ಹೇಳುತ್ತಿದ್ದಾಗ ನನ್ನ ದನಿ ನನಗೇ ಕೇಳಿಸಿತು. ಮೇಜಿನ ಡ್ರಾಯರಿನಲ್ಲಿ, ಅವಳ ಮೊಣಕಾಲಿಗೆ ಅರ್ಧ ಮೊಳ ದೂರದಲ್ಲಿ, ನನ್ನ ಮಾತ್ರೆಯ ಡಬ್ಬಿ ಇತ್ತು.

ರೇಣುಕಾ ನೆಲ ನೋಡುತ್ತ, "ನೀವು ಸಂಗಾಟ ಬರ್ತೀರೇನ್ರಿ? ಬಂದ್ರ ಹೋಗೂಣು" ಎಂದಳು.

ಬರುತ್ತೇನೆ ಎಂದೆ.

ಅವಳಿಗೆ ರಜೆ ಸಿಗಲು ಎರಡು ವಾರ ಹಿಡಿಯಿತು. ಆರ್ಡರ್ ಮುಗಿಸುವ ಗಡಿಬಿಡಿಯಲ್ಲಿ ಲೈನಿನಿಂದ ಯಾರನ್ನೂ ಬಿಡುತ್ತಿರಲಿಲ್ಲ. ಕೊನೆಗೆ ಜ್ವರ ಅಂತ ಹೇಳಿ ಒಂದು ಬುಧವಾರ ಗಿಟ್ಟಿಸಿಕೊಂಡಳು. ಸ್ಕ್ಯಾನಿಂಗ್ ಸೆಂಟರಿಗೆ ಫೋನ್ ಮಾಡಿ ಅವಳ ಹೆಸರು ಬರೆಸಿದೆ. ಆ ಕಡೆಯ ಹುಡುಗಿ "ಒಬ್ರೇನಾ ಮೇಡಂ?" ಅಂದಳು. "ಇಬ್ಬರು" ಎಂದುಬಿಟ್ಟೆ. ನನ್ನ ಹೆಸರು, ವಯಸ್ಸು ಹೇಳಿದೆ.  ಫೋನಿಟ್ಟ ಮೇಲೆ ಸ್ವಲ್ಪ ಹಗುರವಾಯಿತು. ರೇಣುಕಾ ಒಳಗೆ ಹೋದಾಗ ನಾನೂ ಸದ್ದಿಲ್ಲದೆ ಮುಗಿಸಿಕೊಂಡುಬಿಡಬಹುದು ಅಂದುಕೊಂಡೆ.

ಬುಧವಾರ ಅಲ್ಲಿ ಕಾಯುವ ಕೋಣೆ ತುಂಬಿಹೋಗಿತ್ತು. ಗೋಡೆಗೆ ಒರಗಿಸಿದ ಕೊಡೆಗಳಿಂದ ನೀರು ಇಳಿದು ನೆಲ ಜಾರುತ್ತಿತ್ತು. ರೇಣುಕಾಳನ್ನು ಮೊದಲು ಕರೆದರು. ಹೊರಗೆ ಬಂದಾಗ ಅವಳ ಮುಖ ಬಿಳಿಚಿಕೊಂಡಿತ್ತು. ನನ್ನ ಪಕ್ಕ ಕೂತು, "ಒಳಗಿನ ಡಾಕ್ಟ್ರು ಸೂಜಿ ಟೆಸ್ಟ್ ಬೇಕಂದ್ರು" ಎಂದು ಪಿಸುಗುಟ್ಟಿದಳು. ನಾನು ಅವಳ ಬೆನ್ನು ಸವರುತ್ತ, ಇದು ಹೆದರಿಸಲು ಹೇಳಿದ್ದಲ್ಲ, ಖಚಿತ ಮಾಡಿಕೊಳ್ಳಲು ಹೇಳಿದ್ದು ಎಂದು ಬಿಡಿಸಿ ಹೇಳುತ್ತಿದ್ದೆ.

"ಶೈಲಜಾ! ಶೈಲಜಾ, ಮೂವತ್ತಾರು ವರ್ಷ!"

ನರ್ಸ್ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಳು. ನನ್ನ ಕೈ ರೇಣುಕಾಳ ಬೆನ್ನ ಮೇಲೆ ಇದ್ದಲ್ಲೇ ನಿಂತಿತು. ಏಳಬೇಕು ಅಂದುಕೊಂಡೆ. ಏಳಲಿಲ್ಲ. ಒಳಗೆ ಹೋಗಿ, ಮಲಗಿ, ತಣ್ಣಗಿನ ಜೆಲ್ ಹಚ್ಚಿಸಿಕೊಂಡು, ಆ ಡಾಕ್ಟರು ಪರದೆ ನೋಡುತ್ತ ಮಾತು ನಿಲ್ಲಿಸುವ ಕ್ಷಣ ನನಗೆ ಕಣ್ಣಿಗೆ ಕಟ್ಟಿದಂತೆ ಕಾಣಿಸಿತು.

"ಶೈಲಜಾ ಇದ್ದಾರಾ?"

ರೇಣುಕಾ ನನ್ನ ಕಡೆ ತಿರುಗಿದಳು. "ಮೇಡಂ, ನಿಮ್ಮನ್ನ ಕರ್ಯಾಕತ್ತಾರ. ಬೋರ್ಡಿನ ಮ್ಯಾಲ ಇದ ಹೆಸರು ಐತೆಲ್ಲ?"

"ಇಲ್ಲ. ಅದು ಬೇರೆ ಯಾರೋ ಇರಬೇಕು."

ನರ್ಸ್ ಮೂರನೇ ಸಲ ಕರೆದು, ಉತ್ತರ ಬಾರದೆ, ಮುಂದಿನ ಹೆಸರಿಗೆ ಹೋದಳು. ಯಾರೂ ಎದ್ದಿರಲಿಲ್ಲ. ರೇಣುಕಾ ಕೋಣೆಯನ್ನೆಲ್ಲ ಒಮ್ಮೆ ನೋಡಿದಳು, ಆಮೇಲೆ ನನ್ನನ್ನು.  ರಿಪೋರ್ಟು ತೆಗೆದುಕೊಂಡು ಇಬ್ಬರೂ ಹೊರಗೆ ಬಂದೆವು. ಬಸ್ ಸ್ಟಾಪಿನ ಮುಂದೆ ಮಳೆಗೆ ನೂರಾರು ಗಾಡಿಗಳು ಅಲುಗದೆ ನಿಂತಿದ್ದವು. ಆ ಹಾರ್ನುಗಳ ನಡುವೆ ಅವಳು ನನ್ನ ಮುಖ ನೋಡದೆ ಹೇಳಿದಳು.

"ನಿಮ್ಮ ಹೆಸರಿಗೇ ಸುಳ್ಳು ಹೇಳಿದ್ರಿ. ನನ್ನ ಗಂಟಿಗೆ ಖರೇ ಹೇಳಿರಿ ಅಂತ ಹೆಂಗ ನಂಬಲ್ರಿ ಮೇಡಂ?"

ಬಸ್ಸು ಬಂತು. ಅವಳು ಹತ್ತಿ ಹೋದಳು. ನಾನು ಹತ್ತಲಿಲ್ಲ.

ಸೂಜಿ ಪರೀಕ್ಷೆಗೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಸೋಮವಾರಕ್ಕೆ ಹೇಳಿಟ್ಟಿದ್ದೆ. ಅವಳು ಬರಲಿಲ್ಲ. ಫೋನ್ ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಮಂಗಳವಾರ, ಬುಧವಾರ, ಅದೇ. ಆ ದಿನಗಳಲ್ಲಿ ನನಗೆ ನನ್ನ ಗಂಟಿನ ಭಯಕ್ಕಿಂತ ಆ ಹುಡುಗಿಯ ಭಯ ಹೆಚ್ಚಾಯಿತು. ಅವಳದು ಏನೂ ಅಲ್ಲದಿರಬಹುದು. ಆದರೆ ಆಗಿದ್ದರೆ? ನನ್ನ ದೊಡ್ಡಮ್ಮನಿಗೆ ಸೊಪ್ಪು ಕೊಟ್ಟವರಾರು ಎಂದು ನಾನು ವರ್ಷಗಟ್ಟಲೆ ಮನಸ್ಸಿನಲ್ಲೇ ಬೈದಿದ್ದೆ. ಈಗ ಒಬ್ಬಳನ್ನು ಅದೇ ಸೊಪ್ಪಿನ ಕಡೆಗೆ ನಾನೇ ಅಟ್ಟಿದ್ದೆ.

ಗುರುವಾರ ಸಂಜೆ ಮಂಜುಳಾ ಕೆಮ್ಮಿಗೆ ಔಷಧಿ ಕೇಳಿಕೊಂಡು ಬಂದಳು. ರೇಣುಕಾ ಹೇಗಿದ್ದಾಳೆ ಅಂದೆ.

"ಅವಳು ನಾಡಿದ್ದು ಊರಿಗೆ ಓಯ್ತಾವ್ಳೆ ಮೇಡಂ. ಅಲ್ಲಿ ಯಾರೋ ಬೇರು ಅರ್ದು ಕಟ್ತಾರಂತೆ. ಕೆಲ್ಸಾನೂ ಬಿಟ್ಬಿಡ್ತೀನಿ ಅಂತಾವ್ಳೆ. ಡಾಕ್ಟ್ರು ಏನಂದ್ರೇ ಅಂತ ಕೇಳುದ್ರೆ ಬಾಯೇ ಬಿಡಲ್ಲ. 'ಅವರಿಗೂ ಏನೇನೋ ತ್ರಾಸ ಇರ್ತಾವ' ಅಂತಾಳೆ, ಅಷ್ಟೇಯ."

ನನ್ನ ಗುಟ್ಟನ್ನು ಅವಳು ಜೊತೆಗಿದ್ದವಳಿಗೂ ಹೇಳಿರಲಿಲ್ಲ.

ಶುಕ್ರವಾರ ಕ್ಲಿನಿಕ್ ತೆರೆಯಲಿಲ್ಲ. ಐದೂವರೆಗೆ ಫ್ಯಾಕ್ಟರಿಯ ಗೇಟಿನ ಎದುರು ಹೋಗಿ ನಿಂತೆ. ಜೋರು ಮಳೆ. ಗೇಟು ತೆರೆಯುತ್ತಿದ್ದಂತೆ ಹೆಂಗಸರು ದುಪಟ್ಟ, ಪ್ಲಾಸ್ಟಿಕ್ ಕವರು, ಊಟದ ಚೀಲ, ಸಿಕ್ಕಿದ್ದನ್ನು ತಲೆಗೆ ಹಿಡಿದು ಹೊಳೆಯಂತೆ ಹೊರಬಿದ್ದರು. ಆ ಮುಖಗಳ ನಡುವೆ ಹುಡುಕುತ್ತ, ಅವಳನ್ನು ಕಳೆದುಕೊಂಡೆನೋ ಎಂದು ಅನಿಸುವಷ್ಟರಲ್ಲಿ ಕಂಡಳು. ಕರೆದೆ. ನಿಂತಳು. ಓಡಿಹೋಗುತ್ತಾಳೆ ಅಂದುಕೊಂಡಿದ್ದೆ, ಹೋಗಲಿಲ್ಲ. ಇಬ್ಬರೂ ಮೆಟ್ರೋ ಕಂಬದ ಕೆಳಗೆ ಒಣ ಜಾಗಕ್ಕೆ ಸರಿದೆವು.

"ಅವತ್ತು ಕರೆದಿದ್ದು ನನ್ನನ್ನೇ ರೇಣುಕಾ. ನನಗೂ ಗಂಟಿದೆ. ಭಯ ಆಯ್ತು. ಏಳಕ್ಕಾಗ್ಲಿಲ್ಲ. ನಿಂಗೆ ಸುಳ್ಳು ಹೇಳಿದೆ, ತಪ್ಪಾಯ್ತು."

ಅವಳು ಕೇಳಿದಳು, "ಎಷ್ಟ ದಿನ ಆತ್ರಿ?"

"ಏಳು ವಾರ."

"ಮನ್ಯಾಗ ಗೊತ್ತೈತೇನ್ರಿ?"

"ಇಲ್ಲ."

"ನಂದು ಜಾರತೈತಿ, ಅದು ಚಲೋ ಅಂದಿದ್ರಿ. ನಿಮ್ದು ಜಾರತೈತೇನು?"

"ಇಲ್ಲ" ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ಸುತ್ತ ಜನ. ಯಾರೂ ನೋಡಲಿಲ್ಲ, ಎಲ್ಲರಿಗೂ ಬಸ್ಸು ಹಿಡಿಯುವ ಅವಸರ. ರೇಣುಕಾ ನನ್ನ ಮೊಣಕೈ ಹಿಡಿದುಕೊಂಡಳು. ಹೊಲಿದು ಹೊಲಿದು ಅವಳ ತೋರುಬೆರಳ ತುದಿ ಒರಟಾಗಿತ್ತು.

"ನಾಳೆ ಊರಿಗೆ ಹೋಗಂಗಿಲ್ರಿ ನಾ. ಆದ್ರ ನೀವು ಮೊದಲ ಹೋಗ್ರಿ. ನೀವು ಹೋಗಿ ಬಂದಮ್ಯಾಲ ನಾ ಹೋಗ್ತೀನಿ."

ಆ ಸಂಜೆ ಗಿರೀಶ್‌ಗೆ ಹೇಳಿದೆ. ಅವರು ಮಂಚದ ಮೇಲೆ ಕೂತು ಒಣಗದ ಬಟ್ಟೆಗಳನ್ನು ಫ್ಯಾನಿನಡಿ ಹರವುತ್ತಿದ್ದರು. ಮಗಳು ಪಕ್ಕದ ಮನೆಗೆ ಆಡಲು ಹೋಗಿದ್ದಳು. ನಾನು ಹೇಳಿ ಮುಗಿಸುವವರೆಗೆ ಅವರು ಕೈಯಲ್ಲಿದ್ದ ಅನನ್ಯಾಳ ಯೂನಿಫಾರ್ಮನ್ನು ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು ಮಾಡಿದರು.

"ಏಳು ವಾರ ನಾನು ಇದೇ ಮನೇಲಿದ್ದೆ ಶೈಲಾ" ಅಂದರು. ಸಿಟ್ಟಿನಲ್ಲಿ ಅಲ್ಲ. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. "ನೀನು ಪೇಶೆಂಟ್‌ಗಳಿಗೆ ಏನ್ ಹೇಳ್ತೀಯ? ಗಂಡನ ಹತ್ರ ಮುಚ್ಚಿಡಿ ಅಂತ ಹೇಳ್ತೀಯಾ?"

ಮಾರನೆಯ ದಿನ ಶನಿವಾರ ನಾನು, ಗಿರೀಶ್, ರೇಣುಕಾ ಮೂವರೂ ಆಸ್ಪತ್ರೆಗೆ ಹೋದೆವು. ಅಲ್ಲಿನ ಸರ್ಜನ್ ಐವತ್ತು ದಾಟಿದ ಹೆಂಗಸು, ಕಡಿಮೆ ಮಾತಿನವರು. ಕೈಯಿಂದ ಪರೀಕ್ಷೆ ಮಾಡಿದರು. ಗಂಟಿನ ಮೇಲೆ ಅವರ ಬೆರಳು ನಿಂತಾಗ ಅವರ ಹುಬ್ಬು ಸ್ವಲ್ಪ ಗಂಟಿಕ್ಕಿದ್ದು ನೋಡಿದೆ. ವಯಸ್ಸು ಮೂವತ್ತೈದು ದಾಟಿದ್ದರಿಂದ ನನಗೆ ಮ್ಯಾಮೊಗ್ರಾಮ್ ಬರೆದರು, ಆಮೇಲೆ ಸ್ಕ್ಯಾನು. ಎರಡರ ನಡುವೆ ಒಂದು ಗಂಟೆ ಕಾಯಬೇಕಾಯಿತು. ಒಂದು ಬದಿಗೆ ಗಿರೀಶ್, ಇನ್ನೊಂದು ಬದಿಗೆ ರೇಣುಕಾ.  ನಾನಿಲ್ಲದಿದ್ದರೆ ಅನನ್ಯಾಳ ಜಡೆ ಹಾಕುವವರು ಯಾರು ಎಂಬ ಒಂದೇ ಯೋಚನೆ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಗಿರೀಶ್‌ಗೆ ಜಡೆ ಹಾಕಲು ಬರುತ್ತಿರಲಿಲ್ಲ.

ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರು ನಾನು ಹೆದರಿದ್ದಂತೆಯೇ ನಡುವೆ ಮಾತು ನಿಲ್ಲಿಸಿದರು. ಪರದೆಯ ಮೇಲೆ ಕಪ್ಪಗೆ ದುಂಡಗೆ ಏನೋ ಇತ್ತು. ಸ್ಕ್ಯಾನಿನ ಹಿಡಿಯಿಂದ ಒತ್ತಿ ನೋಡಿದರು, ತಿರುಗಿಸಿ ನೋಡಿದರು.

"ಮೇಡಂ, ಇದ್ರೊಳಗೆ ನೀರಿದೆ. ತುಂಬಾ ಬಿಗಿಯಾಗಿ ತುಂಬ್ಕೊಂಡಿದೆ, ಅದಕ್ಕೇ ಕೈಗೆ ಗಟ್ಟಿ ಅನ್ಸತ್ತೆ. ಗೋಡೆ ಸ್ವಲ್ಪ ದಪ್ಪ ಇದೆ. ತೆಗೆದು ಟೆಸ್ಟ್‌ಗೆ ಕಳಿಸೋಣ."

ಸೂಜಿ ಚುಚ್ಚಿದರು. ಸಿರಿಂಜಿನಲ್ಲಿ ಕಷಾಯದ ತಿಳಿಯಂಥ ಹಸಿರುಮಿಶ್ರಿತ ನೀರು ಏರಿತು. ನಾನು ಪರದೆಯ ಕಡೆ ನೋಡುತ್ತಿದ್ದೆ. ಆ ಕಪ್ಪು ದುಂಡು ಕುಗ್ಗಿ, ಒಂದು ಗೆರೆಯಾಗಿ, ಇಲ್ಲವಾಯಿತು. ಅರ್ಧ ನಿಮಿಷ ಹಿಡಿದಿರಬಹುದು. ನೀರುಗುಳ್ಳೆ. ಏಳು ವಾರ ನಾನು ಗುಗ್ಗುಳು ನುಂಗಿದ್ದು, ಅತ್ತದ್ದು, ಮಗಳಿಗೆ ರೇಗಿದ್ದು ಈ ಅರ್ಧ ಚಮಚ ನೀರಿಗೆ.

ಸರ್ಜನ್‌ಗೆ ಎಲ್ಲ ಹೇಳಿದೆ, ಮಾತ್ರೆ ತೆಗೆದುಕೊಂಡದ್ದನ್ನೂ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಔಷಧಿ ತಗೊಂಡಿದ್ದು ದೊಡ್ಡ ತಪ್ಪಲ್ಲ ಡಾಕ್ಟ್ರೇ. ಏನಕ್ಕೆ ತಗೋತಿದೀನಿ ಅಂತ ಗೊತ್ತಿಲ್ದೆ ತಗೊಂಡ್ರಲ್ಲ, ಅದು ತಪ್ಪು. ನೀರುಗುಳ್ಳೆ ಆಗಿತ್ತು, ಸರಿಹೋಯ್ತು. ಬೇರೆ ಏನಾದ್ರೂ ಆಗಿದ್ದಿದ್ರೆ, ಈ ಏಳು ವಾರ ನಾನು ಎಲ್ಲಿಂದ ತಂದ್ಕೊಡ್ಲಿ?"

 ನಾನು ಉಳಿದದ್ದು ಬುದ್ಧಿಯಿಂದಲ್ಲ, ಅದೃಷ್ಟದಿಂದ.

ನಾನು ಹೊರಬಂದಾಗ ರೇಣುಕಾ ಎದ್ದು ನಿಂತಿದ್ದಳು.  ನನ್ನ ಮುಖ ನೋಡಿ, ಚಪ್ಪಲಿ ಬಿಟ್ಟು, ತಾನೇ ಒಳಗೆ ನಡೆದಳು. ನಾನು ಜೊತೆಗೆ ಹೋದೆ. ಜಾಗ ಮರಗಟ್ಟಿಸಿ, ಸ್ಕ್ಯಾನಿನಲ್ಲಿ ನೋಡುತ್ತ, ದಪ್ಪ ಸೂಜಿಯಿಂದ ಗಂಟಿನ ಎಳೆಗಳನ್ನು ತೆಗೆಯುವ ಪರೀಕ್ಷೆ. ಪ್ರತಿ ಸಲ 'ಟಕ್' ಎಂದು ಸ್ಟೇಪ್ಲರ್ ಹೊಡೆದಂಥ ಸದ್ದು. ಮೊದಲನೇ ಸದ್ದಿಗೆ ಬೆಚ್ಚಿ ನನ್ನ ಕೈ ಹಿಡಿದಳು. ನಾಲ್ಕನೆಯದರ ಹೊತ್ತಿಗೆ, "ನಮ್ಮ ಬಟನ್ ಮಷಿನ್ ಇದಕ್ಕಿಂತ ಜೋರ ಐತ್ರಿ" ಎಂದಳು. ಕೈ ಮಾತ್ರ ಬಿಟ್ಟಿರಲಿಲ್ಲ.

ವರದಿಗೆ ಐದು ದಿನ. ನನ್ನ ನೀರಿನದೂ ಬರಬೇಕಿತ್ತು. ಆ ಐದು ದಿನ ಅವಳು ಶಿಫ್ಟು ಮುಗಿಸಿ ನೇರ ಕ್ಲಿನಿಕ್ಕಿಗೆ ಬಂದು ಮೂಲೆಯ ಕುರ್ಚಿಯಲ್ಲಿ ಕೂರುತ್ತಿದ್ದಳು. ನಾನು ರೋಗಿಗಳನ್ನು ನೋಡುತ್ತಿದ್ದೆ. ಫೋನ್ ರಿಂಗಾದರೆ ಇಬ್ಬರೂ ಒಟ್ಟಿಗೆ ತಲೆ ಎತ್ತುತ್ತಿದ್ದೆವು. ಊರಿನಿಂದ ಅವಳ ಅವ್ವ ದಿನಾ ಫೋನ್ ಮಾಡಿ, ಬೇರು ಕಟ್ಟುವವನು ಕಾಯುತ್ತಿದ್ದಾನೆ ಬಾ ಎಂದು ಅಳುತ್ತಿದ್ದಳು. "ಐದ ದಿನ ತಡಿ ಬೇ" ಎಂದಷ್ಟೇ ಇವಳ ಉತ್ತರ.

ಐದನೆಯ ದಿನ ಸರ್ಜನ್ ಇಬ್ಬರನ್ನೂ ಕೂರಿಸಿ ಹೇಳಿದರು. ನನ್ನ ನೀರಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೆಲವು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಸಾಕು. ರೇಣುಕಾಳದು ಫೈಬ್ರೊಅಡಿನೋಮ, ಹರೆಯದ ಹುಡುಗಿಯರಲ್ಲಿ ಕಾಣುವ ಸಾಧಾರಣ ಗಂಟು.

"ಕ್ಯಾನ್ಸರ್ ಅಲ್ಲಮ್ಮ. ತೆಗೀಲೇಬೇಕು ಅಂತೇನಿಲ್ಲ. ಆರು ತಿಂಗಳಿಗೆ ಇನ್ನೊಂದು ಸ್ಕ್ಯಾನ್. ಬೆಳೀತಾ ಹೋದ್ರೆ, ತೊಂದ್ರೆ ಕೊಟ್ರೆ ತೆಗೆಯೋಣ."

"ಬಿಟ್ರ ಮುಂದ ಕ್ಯಾನ್ಸರ್ ಆಗಂಗಿಲ್ಲೇನ್ರಿ?"

"ಇಂಥ ಸಾದಾ ಗಂಟು ಸಾಮಾನ್ಯವಾಗಿ ಹಂಗಾಗಲ್ಲ. ಆದ್ರೆ ಕೈಗೆ ಹೊಸದೇನಾದ್ರೂ ಸಿಕ್ರೆ, ಚರ್ಮ ಒಳಗೆ ಎಳ್ಕೊಂಡ್ರೆ, ತೊಟ್ಟಲ್ಲಿ ರಕ್ತ ಬಂದ್ರೆ, ಕಾಯಬಾರ್ದು. ಗೊತ್ತಾಯ್ತಾ?"

"ಮುಂದ ಕೂಸಿಗೆ ಹಾಲು?"

"ಧಾರಾಳವಾಗಿ ಕುಡಿಸು."

ರೇಣುಕಾ ದುಪಟ್ಟದಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅಷ್ಟು ದಿನಗಳಲ್ಲಿ ಅವಳು ಅತ್ತದ್ದು ಅದೇ ಮೊದಲು.

ಆ ವಾರದ ಕೊನೆಗೆ ಕ್ಲಿನಿಕ್ಕಿಗೆ ಬಂದು, "ಈಗರ ನಿಮ್ಮ ಔಷಧ ಕೊಡ್ರಿ" ಎಂದಳು. ಗಂಟನ್ನು ಇದು ಕರಗಿಸುತ್ತದೆಂದು ನಾನು ಮಾತು ಕೊಡಲಾರೆ ಅಂದೆ. ಆದರೆ ಮುಟ್ಟಿನ ಮುಂಚೆ ಅವಳಿಗೆ ಎರಡೂ ಎದೆ ಭಾರವಾಗಿ ನೋಯುತ್ತಿತ್ತು. ಮಲಬದ್ಧತೆ ಇತ್ತು. ದಿನಕ್ಕೆ ಏಳೆಂಟು ಚಹಾ, ಮಧ್ಯಾಹ್ನಕ್ಕೆ ಬೋಂಡಾ, ನಿದ್ದೆ ಕಡಿಮೆ. ಅದಕ್ಕೆ ನನ್ನ ಶಾಸ್ತ್ರದಲ್ಲಿ ಕೊಡಬಹುದಾದದ್ದು ಇತ್ತು. ಮಲಗುವ ಮುಂಚೆ ಬಿಸಿನೀರಿನಲ್ಲಿ ತ್ರಿಫಲಾ, ಕೆಲವು ವಾರ ಒಂದು ಕಷಾಯ, ನೋವಿನ ದಿನಗಳಲ್ಲಿ ಹರಳೆಣ್ಣೆ ಸವರಿ ಬೆಚ್ಚಗಿನ ಬಟ್ಟೆಯ ಶಾಖ, ಎದೆಯನ್ನು ಸರಿಯಾಗಿ ಎತ್ತಿ ಹಿಡಿಯುವ ಒಳಉಡುಪು, ಕಡಿಮೆ ಚಹಾ. ಸರ್ಜನ್‌ಗೂ ಹೇಳಿಯೇ ಕೊಟ್ಟೆ. ಎರಡು ತಿಂಗಳಲ್ಲಿ ನೋವು ಬಹಳ ಇಳಿಯಿತು. ಗಂಟು ಇದ್ದಷ್ಟೇ ಇತ್ತು.

ಲಗ್ನದ ಮಾತು ಮಾತ್ರ ಬಿಗಿಯಾಯಿತು. ಅವ್ವನ ಬಾಯಿಂದ ಸುದ್ದಿ ಗಂಡಿನ ಮನೆಗೆ ಹೋಗಿ, ಹುಡುಗನ ತಾಯಿ, ಗಂಟು ತೆಗೆಸಿ ಬರಲಿ, ಆಮೇಲೆ ನೋಡೋಣ ಅಂದಿದ್ದರು. ದೀಪಾವಳಿಗೆ ಹದಿನೈದು ದಿನವಿದ್ದಾಗ ರೇಣುಕಾ ಬಂದು, "ಕನ್ನಡದಾಗ ಒಂದ ಕಾಗದ ಬರದು ಕೊಡ್ರಿ. ಹುಡುಗಗ ನಾನ ಕಳಸ್ತೀನಿ" ಎಂದಳು.

ನನ್ನ ಲೆಟರ್‌ಹೆಡ್ಡಿನಲ್ಲಿ ಬರೆದೆ. ಇದು ಕ್ಯಾನ್ಸರ್ ಅಲ್ಲ. ಅಂಟುವ ರೋಗವಲ್ಲ. ಮಕ್ಕಳಾಗುವುದಕ್ಕೂ ಹಾಲುಣಿಸುವುದಕ್ಕೂ ಅಡ್ಡಿಯಿಲ್ಲ. ಈಗ ಶಸ್ತ್ರಚಿಕಿತ್ಸೆ ಬೇಕಿಲ್ಲ. ಕೊನೆಯಲ್ಲಿ, 'ದಯವಿಟ್ಟು ಯಾವ ಸಂಶಯವನ್ನೂ ಇಟ್ಟುಕೊಳ್ಳದೆ ಈ ಹುಡುಗಿಯನ್ನು ಒಪ್ಪಿಕೊಳ್ಳಬೇಕೆಂದು ಕೋರುತ್ತೇನೆ' ಎಂದು ಸೇರಿಸಿದೆ.

ಅವಳು ಪೂರ್ತಿ ಓದಿದಳು. ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಇದನ್ನ ತಗೀರಿ."

"ಯಾಕೆ?"

"ಕೋರಾಕ ನಾ ಏನ ತಪ್ಪ ಮಾಡೀನ್ರಿ? ತಿಳಸ್ರಿ, ಸಾಕು. ನಿಮ್ಮ ಫೋನ್ ನಂಬರ್ ಹಾಕ್ರಿ. ಕೇಳೂದಿದ್ರ ಕೇಳ್ತಾನ."

ಹೊಸ ಹಾಳೆಯಲ್ಲಿ ಬರೆದು ಕೊಟ್ಟೆ.

ಒಂಬತ್ತು ದಿನ ಯಾವ ಸುದ್ದಿಯೂ ಬರಲಿಲ್ಲ.  ಹತ್ತನೆಯ ದಿನ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. "ನಮಸ್ಕಾರ್ರಿ ಮೇಡಂ, ನಾ ಶರಣಪ್ಪ, ಕುಷ್ಟಗಿಯಿಂದ. ರೇಣುಕಾನ್ನ ಲಗ್ನ ಆಗಾವ" ಎಂದ ಆ ಕಡೆಯವನು. 'ಆಗಬೇಕಿದ್ದವ' ಅಂದನೋ, 'ಆಗಾವ', ಅಂದರೆ ಆಗುವವ, ಅಂದನೋ ಎಂದು ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. ಕ್ಯಾನ್ಸರ್, ಮಕ್ಕಳು, ಶಸ್ತ್ರಚಿಕಿತ್ಸೆ, ಎಲ್ಲದಕ್ಕೂ ಉತ್ತರ ನಾಲಗೆಯ ತುದಿಯಲ್ಲಿ ಸಿದ್ಧವಿತ್ತು.

"ಮೇಡಂ, ಆಕಿಗೆ ನೋವು ಐತೇನ್ರಿ?"

ತಿಂಗಳಿಗೆ ನಾಲ್ಕು ದಿನ ಸ್ವಲ್ಪ ಇರುತ್ತದೆ ಎಂದೆ.

"ಅವ್ವಗ ನಾ ಹೇಳ್ತೀನ್ರಿ, ಅದು ಬ್ಯಾರೆ ಮಾತು. ಆ ನಾಕ ದಿನ ಏನ ಮಾಡಬೇಕು ಹೇಳ್ರಿ. ಪೆನ್ನು ತಗೊಂಡೀನಿ."

ನಾನು ಒಂದೊಂದಾಗಿ ಹೇಳುತ್ತ ಹೋದೆ. ಆತ "ಸಾವಕಾಶ್ರಿ, ಸಾವಕಾಶ" ಎನ್ನುತ್ತ ಬರೆದುಕೊಳ್ಳುತ್ತಿದ್ದ.